ಬಿಲ್ಲು ಏರಿಸಿದ್ದು ಯಾರು?

ನಿಮ್ಮ ಮನೆಗೆ ಕರೆಂಟ್ ಬಿಲ್ಲು ಹೆಚ್ಚು ಬಂದರೆ ಮೊದಲ ಮಾತು ಯಾರ ಮೇಲೆ ಬರುತ್ತದೆ? ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳ ಮೇಲೆಯೇ. ದಿನವಿಡೀ ಮನೆಯಲ್ಲಿರುವವರು ಅವರು. ಸ್ವಿಚ್ಚು ಒತ್ತುವ ಕೈಯೂ ಅವರದೇ. "ಫ್ಯಾನ್ ಆರಿಸದೆ ಎದ್ದು ಹೋದೆ", "ಟಿ.ವಿ. ಹಚ್ಚಿಟ್ಟು ಮಾತಾಡುತ್ತಾ ಕುಳಿತೆ" ಎಂಬ ದೂರುಗಳೆಲ್ಲ ಆ ದಿನ ಒಟ್ಟಿಗೆ ಹೊರಬರುತ್ತವೆ. ಆದರೆ ಆ ಬಿಲ್ಲಿನ ಚೀಟಿಯನ್ನು ಮೊತ್ತ ಒಂದನ್ನು ಬಿಟ್ಟು ಪೂರ್ತಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಮೀಟರಿನ ಮುಂದೆ ಹೋಗಿ ನಿಂತವರು ಎಷ್ಟು ಮಂದಿ?

ನಮ್ಮ ಊರು ಯಲವಿಗಿ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ರೈಲಿನಲ್ಲಿ ಹೋದವರು ಸ್ಟೇಷನ್ನಿನ ಬೋರ್ಡಿನಲ್ಲಿ ಈ ಹೆಸರನ್ನು ಓದಿರಬಹುದು. ಸವಣೂರು ತಾಲ್ಲೂಕಿಗೆ ಸೇರಿದ ಊರಿದು. ನಮಗೆ ವಿದ್ಯುತ್ ಕೊಡುವುದು ಹೆಸ್ಕಾಂ. ಮನೆಯಲ್ಲಿ ಅತ್ತೆ, ನಾವಿಬ್ಬರು, ಮೈದುನ, ನೆಗೆಣ್ಣಿ, ಅವರ ಚಿಕ್ಕ ಮಗ ಮತ್ತು ಪಿ.ಯು.ಸಿ. ಎರಡನೇ ವರ್ಷದಲ್ಲಿ ಓದುತ್ತಿರುವ ನನ್ನ ಮಗಳು, ಹೀಗೆ ಏಳು ಜನ.

2023ರ ಜುಲೈ ತಿಂಗಳ ಬಳಕೆಯಿಂದ ರಾಜ್ಯದಲ್ಲಿ ಗೃಹಜ್ಯೋತಿ ಜಾರಿಗೆ ಬಂದ ಮೇಲೆ ನಮ್ಮ ಬಿಲ್ಲಿನಲ್ಲಿ ಸೊನ್ನೆಯೇ ಇರುತ್ತಿತ್ತು. ಈ ಯೋಜನೆಯ ಲೆಕ್ಕವನ್ನು ಅನೇಕರು ಸರಿಯಾಗಿ ತಿಳಿದುಕೊಂಡಿಲ್ಲ. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022–23ರಲ್ಲಿ ಆ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದರ ಮೇಲೆ ಸ್ವಲ್ಪ ಸೇರಿಸಿ ಆ ಮನೆಯ ಮಿತಿಯನ್ನು ನಿಗದಿ ಮಾಡುತ್ತಾರೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಅಂದರೆ 199 ಯೂನಿಟ್ ಬಳಸಿದ ಮನೆಗೂ 201 ಬಳಸಿದ ಮನೆಗೂ ಎರಡು ಯೂನಿಟ್‌ಗಳ ವ್ಯತ್ಯಾಸ ಮಾತ್ರವಲ್ಲ, ದೊಡ್ಡ ಮೊತ್ತದ ವ್ಯತ್ಯಾಸವಿದೆ.

ನಮ್ಮ ಮಿತಿ 160. ಪ್ರತಿ ತಿಂಗಳು 140–150ರಲ್ಲಿ ಮುಗಿಯುತ್ತಿತ್ತು. 2025ರ ಡಿಸೆಂಬರ್ ತಿಂಗಳ ಬಳಕೆಗೆ ಬಂದ ಬಿಲ್ಲಿನಲ್ಲಿ 226 ಯೂನಿಟ್ ಇತ್ತು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 1,800 ರೂಪಾಯಿಯ ಹತ್ತಿರಕ್ಕೆ ಹೋಯಿತು. ಸೊನ್ನೆ ಇದ್ದ ಜಾಗದಲ್ಲಿ ಸಾವಿರದ ಎಂಟುನೂರು! ಮನೆಯಲ್ಲಿ ಗದ್ದಲವೇ ಎದ್ದಿತು.

"ರಾತ್ರಿ ಹನ್ನೆರಡರ ತನಕ ಲೈಟ್ ಉರದ್ರ ಬಿಲ್ಲು ಬರದ ಏನಾಗತೈತಿ?" ಎಂದರು ಅತ್ತೆ. ಮಗಳು ಪರೀಕ್ಷೆಗೆ ಓದುತ್ತಿದ್ದಳು. ಹಗಲು ಸವಣೂರಿಗೆ ಬಸ್ಸಿನಲ್ಲಿ ಹೋಗಿ ಬಂದು, ಮನೆಗೆಲಸದಲ್ಲಿ ಕೈಜೋಡಿಸಿ, ಎಲ್ಲರೂ ಮಲಗಿದ ಮೇಲೆ ಅವಳಿಗೆ ಸಿಗುವ ಹೊತ್ತು ಅದೊಂದೇ. ಮನೆಯವರು ಯೋಚಿಸಿ, ಇನ್ನು ಮೇಲೆ ಹತ್ತು ಗಂಟೆಗೆ ಎಲ್ಲ ಲೈಟು ಆರಬೇಕು ಎಂದು ತೀರ್ಮಾನ ಕೊಟ್ಟರು. ಅವಳು ಎದುರಾಡಲಿಲ್ಲ. ಪುಸ್ತಕ ಮಡಚಿಟ್ಟಳು. ಆ ಮೌನವನ್ನು ನನ್ನಿಂದ ಸಹಿಸಲಾಗಲಿಲ್ಲ.

"ಅಮ್ಮಿ, ಒಂದು ವಾರ ಅವಕಾಶ ಕೊಡಿರಿ. ಲೈಟಿನಿಂದಲೇ ಬಿಲ್ಲು ಏರಿದ್ದರೆ ನಾನೇ ಆರಿಸುತ್ತೇನೆ" ಎಂದೆ.

ಯೂನಿಟ್ ಎಂದರೇನು ಎಂಬುದು ಕಷ್ಟದ ವಿಷಯವೇನಲ್ಲ. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಪ್ರತಿ ಸಾಮಾನಿನ ಮೈಮೇಲೆ ಎಲ್ಲಿಯಾದರೂ ಅದರ ವ್ಯಾಟ್ ಬರೆದಿರುತ್ತದೆ. ವ್ಯಾಟನ್ನು ತಾಸಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಮುಗಿಯಿತು. ದಿನಸಿಯ ಲೆಕ್ಕ, ಹಾಲಿನ ಲೆಕ್ಕ ಇಡುವ ನಮಗೆ ಇದೇನು ದೊಡ್ಡದು?

ಮಗಳ ಹಳೆಯ ನೋಟ್‌ಬುಕ್ಕು ತೆಗೆದುಕೊಂಡು ಏಳು ದಿನ ಮೀಟರಿನ ಅಂಕಿ ಬರೆದೆ. ಬೆಳಿಗ್ಗೆ ಐದಕ್ಕೆ, ಒಂಬತ್ತಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ. ಮೂರನೇ ದಿನಕ್ಕೇ ವಿಷಯ ಸ್ಪಷ್ಟವಾಗತೊಡಗಿತು. ದಿನಕ್ಕೆ ಸುಮಾರು ಏಳೂವರೆ ಯೂನಿಟ್ ಖರ್ಚಾಗುತ್ತಿತ್ತು. ಸಂಜೆ ಆರರಿಂದ ಹತ್ತರವರೆಗೆ, ಮನೆಯ ಲೈಟುಗಳೆಲ್ಲ ಉರಿದು ಟಿ.ವಿ.ಯೂ ನಡೆಯುವ ಹೊತ್ತಿನಲ್ಲಿ, ಒಂದು ಯೂನಿಟ್ಟೂ ತುಂಬುತ್ತಿರಲಿಲ್ಲ. ಮಗಳು ಓದುವ ಹೊತ್ತು ಸೇರಿ ಬೆಳಗಿನ ಜಾವದ ತನಕವೂ ಅಷ್ಟೇ. ಬೆಳಿಗ್ಗೆ ಐದರಿಂದ ಒಂಬತ್ತರೊಳಗೆ ಮಾತ್ರ ನಾಲ್ಕು ಯೂನಿಟ್ ದಾಟುತ್ತಿತ್ತು. ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ತಾಸಿನಲ್ಲೇ!

ಆ ಹೊತ್ತಿನಲ್ಲಿ ನಡೆಯುವುದೇನು? ನೀರು ಕಾಯಿಸುವ ಕಾಯಿಲ್.

ಮೊದಲು ನಮ್ಮ ಬಚ್ಚಲಲ್ಲಿ ಕಟ್ಟಿಗೆಯ ಒಲೆ ಇತ್ತು, ಅದರ ಮೇಲೆ ಹಂಡೆ. ಹೊಗೆಯಿಂದ ಅತ್ತೆಯ ಕೆಮ್ಮು ಹೆಚ್ಚಾದಾಗ ಮೈದುನ ನವೆಂಬರ್ ಕೊನೆಯಲ್ಲಿ ಈ ಕಾಯಿಲ್ ತಂದರು. ತಾಯಿಯ ಮೇಲಿನ ಕಾಳಜಿಯಿಂದಲೇ ತಂದದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು 1,500 ವ್ಯಾಟಿನದು ಎಂಬುದನ್ನು ಯಾರೂ ನೋಡಿರಲಿಲ್ಲ. ಐದು ಗಂಟೆಗೆ ಅತ್ತೆಯ ವುಝೂಗೆಂದು ಒಂದು ಬಕೆಟ್ ನೀರು ಕುದಿಯುವ ತನಕ ಕಾಯುತ್ತಿತ್ತು. ಬೇಕಾದದ್ದು ಒಂದು ತಂಬಿಗೆ, ಉಳಿದದ್ದು ತಣ್ಣಗಾಗುತ್ತಿತ್ತು. ಏಳಕ್ಕೆ ಮತ್ತೆ, ಎಂಟಕ್ಕೆ ಮತ್ತೆ. ಒಟ್ಟು ಎರಡು ತಾಸು ಎಂದರೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಬಿಲ್ಲು ಹಾರಿದ್ದು ಇದರಿಂದಲೇ.

ಈಗ ಮಗಳ ಲೈಟಿನ ಲೆಕ್ಕ ನೋಡಿ. ಅವಳ ಕೋಣೆಯಲ್ಲಿರುವುದು 9 ವ್ಯಾಟಿನ ಎಲ್‌ಇಡಿ. ರಾತ್ರಿ ನಾಲ್ಕು ತಾಸಿನಂತೆ ಮೂವತ್ತು ದಿನ ಉರಿದರೂ ಒಂದು ಯೂನಿಟ್‌ಗಿಂತ ತುಸು ಹೆಚ್ಚು, ಸುಮಾರು ಆರು ರೂಪಾಯಿ. ಹಳೆಯ 60 ವ್ಯಾಟಿನ ಬಲ್ಬು ಇದ್ದ ಕಾಲದಲ್ಲಿ ಅದೇ ಓದಿಗೆ ಏಳು ಯೂನಿಟ್ ಬೇಕಾಗುತ್ತಿತ್ತು. ಅತ್ತೆಯ ಮಾತಿಗೆ ಆಧಾರ ಆ ಕಾಲದ ಅನುಭವ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಅಗ್ಗವಾಗಿ ಮನೆಮನೆಗೆ ಬಂತು. ಮನೆಯ ಬಲ್ಬು ಬದಲಾಯಿತು, ಬೈಯುವ ಅಭ್ಯಾಸ ಮಾತ್ರ ಬದಲಾಗಲಿಲ್ಲ!

ಲೆಕ್ಕ ಹೇಳಿದರೆ ಅತ್ತೆ ಒಪ್ಪಲಿಲ್ಲ. ಅವರನ್ನೇ ಮೀಟರಿನ ಮುಂದೆ ಕೂರಿಸಿದೆ. ಈಗಿನ ಮೀಟರುಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಬಾರಿ ಮಿನುಗಿದರೆ ಒಂದು ಯೂನಿಟ್ ಎಂಬುದು ಮೀಟರಿನ ಮೇಲೆ ಮುದ್ರಿತವಾಗಿರುತ್ತದೆ. ನಮ್ಮದರಲ್ಲಿ 3,200. ಎಲ್ಲ ಆರಿಸಿ ಮಗಳ ಲೈಟು ಒಂದನ್ನೇ ಹಾಕಿದೆವು. ಎರಡು ನಿಮಿಷಕ್ಕೊಮ್ಮೆ ಮಿನುಗಿತು. ನಂತರ ಕಾಯಿಲ್ ಹಾಕಿದೆವು. ನಿಮಿಷಕ್ಕೆ ಎಂಬತ್ತು ಬಾರಿ! ಎಣಿಸಲು ಹೋದ ಅತ್ತೆ ನಡುವೆಯೇ ಬಿಟ್ಟು, "ಸಾಕು ಬಿಡವ್ವಾ, ಹುಡುಗಿ ಓದ್ಲಿ" ಎಂದರು. ಆ ರಾತ್ರಿ ಮಗಳ ಕೋಣೆಗೆ ಹಾಲಿನ ಲೋಟ ತೆಗೆದುಕೊಂಡು ಹೋದವರು ಅವರೇ.

ಹುಡುಕಾಟ ಅಲ್ಲಿಗೇ ನಿಲ್ಲಲಿಲ್ಲ. ಎಲ್ಲರೂ ಮಲಗಿ ಎಲ್ಲ ಆರಿದ ಮೇಲೂ ಮೀಟರು ಸಾಕಷ್ಟು ಓಡುತ್ತಿತ್ತು. ಅದು ಫ್ರಿಜ್ಜು. ಪಟ್ಟಣದ ಅಂಗಡಿಯೊಂದರಲ್ಲಿ, "ಅಕ್ಕಾರ, ಫೈವ್ ಸ್ಟಾರ್ ಐತಿ" ಎಂಬ ಮಾತಿನ ಮೇಲೆ ತಂದ ಸೆಕೆಂಡ್‌ಹ್ಯಾಂಡ್ ಫ್ರಿಜ್ಜು. ಸ್ಟಾರ್ ಚೀಟಿಯ ಮೇಲೆ ವರ್ಷವೂ ಇರುತ್ತದೆ, ನೆನಪಿಡಿ. ಅಳತೆ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರು ಇಂದಿನ ಐದಕ್ಕೆ ಸಮವಲ್ಲ. ಬಾಗಿಲಿನ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದೆ. ಯಾವ ಹಿಡಿತವೂ ಇಲ್ಲದೆ ಬಂತು. ಬಾಗಿಲಿನ ರಬ್ಬರು ಸಡಿಲಾಗಿ ತಂಪೆಲ್ಲ ಹೊರಗೆ ಹೋಗುತ್ತಿತ್ತು, ಯಂತ್ರಕ್ಕೆ ವಿಶ್ರಾಂತಿಯೇ ಇರಲಿಲ್ಲ. ದಿನಕ್ಕೆ ಎರಡೂವರೆ ಯೂನಿಟ್ ತಿನ್ನುತ್ತಿತ್ತು. ಸದ್ದಿಲ್ಲದೆ ನಿಂತ ಸಾಮಾನಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ಲವೇ?

ಹಾಗಾದರೆ ಮಾಡಿದ್ದೇನು? ಹಂಡೆಗೆ ಮರಳಲಿಲ್ಲ. ಹಣ ಉಳಿಸಲು ಅತ್ತೆಗೆ ಹೊಗೆ ಕುಡಿಸುವುದು ಯಾವ ನ್ಯಾಯ? ಮಲಗುವ ಮೊದಲು ಗ್ಯಾಸಿನ ಮೇಲೆ ಸ್ವಲ್ಪ ನೀರು ಕಾಯಿಸಿ ದೊಡ್ಡ ಫ್ಲಾಸ್ಕಿಗೆ ತುಂಬಿಡುತ್ತೇವೆ. ಫಜ್ರ್‌ನ ಹೊತ್ತಿಗೆ ಅದನ್ನು ತಣ್ಣೀರಿಗೆ ಬೆರೆಸಿದರೆ ಅತ್ತೆಯ ವುಝೂಗೆ ಸಾಕು. ಸ್ನಾನಕ್ಕೆ ಕಾಯಿಲ್ ಇದೆ, ಆದರೆ ಒಮ್ಮೆ ಮಾತ್ರ. ಬಕೆಟ್ಟಿನ ಮೇಲೆ ತಟ್ಟೆ ಮುಚ್ಚಿ, ಒಬ್ಬರ ಹಿಂದೆ ಒಬ್ಬರು ಬೇಗ ಮುಗಿಸುತ್ತೇವೆ. ಗಂಡಸರು ಬಿಸಿಲೇರಿದ ಮೇಲೆ ತಣ್ಣೀರಿನಲ್ಲಿ ಸ್ನಾನ ಮಾಡಲು ಒಪ್ಪಿದರು. ಎರಡು ತಾಸು ಮುಕ್ಕಾಲು ತಾಸಿಗೆ ಇಳಿಯಿತು. (ಕಾಯಿಲ್ ಇರುವ ಮನೆಗಳಲ್ಲಿ ಒಂದು ಎಚ್ಚರ: ಸ್ವಿಚ್ಚು ಆರಿಸಿ ಪ್ಲಗ್ಗು ತೆಗೆಯದೆ ನೀರು ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.) ಫ್ರಿಜ್ಜಿಗೆ ಹೊಸ ರಬ್ಬರು ಹಾಕಿಸಿ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟೆವು. ಒಳಗೆ ಗಟ್ಟಿಯಾಗಿದ್ದ ಮಂಜುಗಡ್ಡೆ ಕರಗಿಸಿದೆವು. ಬಿಸಿ ಪಾತ್ರೆ ಇಡುವುದನ್ನು ನಿಲ್ಲಿಸಿದೆವು. ನಂತರದ ಪೂರ್ತಿ ತಿಂಗಳ ಬಳಕೆ 148ಕ್ಕೆ ಬಂತು, ಬಿಲ್ಲು ಮತ್ತೆ ಸೊನ್ನೆಯಾಯಿತು.

ನಿಮ್ಮ ಮನೆಯಲ್ಲೂ ಬಿಲ್ಲು ಏರಿದ್ದರೆ ಮೊದಲು ಚೀಟಿ ಓದಿ. ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್ ನಡುವೆ ಎಷ್ಟು ದಿನ ಕಳೆದಿದೆ ನೋಡಿ. ಚೀಟಿಯ ಅಂಕಿಯನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಿ. ಬಳಿಕ ಮನೆಯ ಎಲ್ಲ ಸ್ವಿಚ್ಚು ಆರಿಸಿ, ಪ್ಲಗ್ಗುಗಳನ್ನು ತೆಗೆದು ಕೆಂಪು ದೀಪವನ್ನು ಗಮನಿಸಿ. ಆಗಲೂ ಮಿನುಗುತ್ತಿದ್ದರೆ ವೈರಿಂಗಿನಲ್ಲಿ ಎಲ್ಲೋ ಸೋರಿಕೆ ಇರಬಹುದು. ಅದು ಹಣದ ವಿಷಯವಷ್ಟೇ ಅಲ್ಲ, ಜೀವದ ವಿಷಯ. ತಿಳಿದ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮೀಟರಿನ ಮೇಲೆಯೇ ಅನುಮಾನವಿದ್ದರೆ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಪರೀಕ್ಷೆ ಮಾಡಿಸಬಹುದು. ದೂರಿಗೆ 1912 ಸಂಖ್ಯೆ ಇದೆ.

ಸಾಮಾನುಗಳ ಬಗ್ಗೆ ಒಂದು ಮಾತು ನೆನಪಿಡಿ. ಬಿಸಿ ಮಾಡುವ ಸಾಮಾನು ಮತ್ತು ಇಡೀ ದಿನ ನಡೆಯುವ ಸಾಮಾನು, ಇವೆರಡೇ ಬಿಲ್ಲು ಏರಿಸುವುದು. ಗೀಸರು, ಕಾಯಿಲ್, ಇಸ್ತ್ರಿಪೆಟ್ಟಿಗೆ ಮೊದಲ ಬಗೆ; ಫ್ರಿಜ್ಜು ಮತ್ತು ಬೇಸಿಗೆಯಲ್ಲಿ ಫ್ಯಾನು ಎರಡನೆಯದು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ತೆಗೆದುಕೊಂಡರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಮಿಕ್ಸಿ ಎಷ್ಟೇ ಸದ್ದು ಮಾಡಲಿ, ಹತ್ತು ನಿಮಿಷದ ಮಿಕ್ಸಿಯಿಂದ ಯಾವ ಮನೆಯೂ ಮುಳುಗುವುದಿಲ್ಲ. ಯಾವ ಸಾಮಾನು ತರುವಾಗಲೂ ಬೆಲೆಯ ಜೊತೆ ವ್ಯಾಟ್ ಕೇಳಿ. ಅಂಗಡಿಗೆ ಹೋಗುವವರು ಗಂಡಸರಾದರೆ ಅವರಿಗೂ ಹೇಳಿ ಕಳಿಸಿ.

ದುಂದುವೆಚ್ಚ ಬೇಡ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳಿಕೊಡುತ್ತೇವೆ. ಒಳ್ಳೆಯದೇ. ಆದರೆ ದುಂದು ಯಾವುದು, ಅಗತ್ಯ ಯಾವುದು ಎಂದು ಅಳೆಯದೆ ಬಾಯಿಗೆ ಬಂದವರನ್ನು ದೂರುವುದು ಮಿತವ್ಯಯವಲ್ಲ. ಒಂದು ತಂಬಿಗೆ ನೀರಿಗಾಗಿ ಒಂದು ಬಕೆಟ್ ಕುದಿಸುವುದು ದುಂದು. ಓದುವ ಹುಡುಗಿಯ ತಲೆಯ ಮೇಲೆ ಉರಿಯುವ ಆರು ರೂಪಾಯಿಯ ದೀಪ ದುಂದಲ್ಲ. ಮುಂದಿನ ಬಿಲ್ಲು ಬಂದ ದಿನ ಯಾರ ಮೇಲಾದರೂ ಮಾತು ಹೊರಿಸುವ ಮೊದಲು ಒಂದು ನೋಟ್‌ಬುಕ್ಕು, ಒಂದು ಪೆನ್ನು ತೆಗೆದುಕೊಂಡು ಮೀಟರಿನ ಹತ್ತಿರ ಹೋಗಿ. ಅದಕ್ಕೆ ಅತ್ತೆಯೂ ಒಂದೇ, ಸೊಸೆಯೂ ಒಂದೇ. ಯಾರ ಮುಲಾಜೂ ಇಲ್ಲದೆ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.