ಸುದ್ದಗುಂಟೆಪಾಳ್ಯ: ಮಾಸ್ಟರ್ ಕೀ ಯಾರ ಕೈಲಿದೆ?

ಈ ಅಂಕಣಕ್ಕೆ ಓದುಗರು ಸಾಮಾನ್ಯವಾಗಿ ಸಕಲೇಶಪುರ, ಗೋಕರ್ಣ, ಕುಮಾರಪರ್ವತ ಬರೀತಾರೆ. ನಾನು ಬರೀತಿರೋದು ಆಟೋದವರೂ ಬರಲ್ಲ ಅನ್ನೋ ಜಾಗದ ಬಗ್ಗೆ. ಡೈರಿ ಸರ್ಕಲ್‌ನಲ್ಲಿ ಬಸ್ ಇಳಿದು ಬನ್ನೇರುಘಟ್ಟ ರಸ್ತೆ ಹಿಡಿದರೆ ಎಡಕ್ಕೆ ಐಬಿಸಿ ನಾಲೆಡ್ಜ್ ಪಾರ್ಕ್‌ನ ಗಾಜಿನ ಕಟ್ಟಡಗಳು ಕಾಣ್ತವೆ. ಅದರ ಬೆನ್ನಿಗೆ ಅಂಟಿಕೊಂಡ ಗಲ್ಲಿಗಳೇ ಸುದ್ದಗುಂಟೆಪಾಳ್ಯ. ಇನ್ನೊಂದು ತುದಿಗೆ ಹೊಸೂರು ರಸ್ತೆ ಕಡೆ ಕ್ರೈಸ್ಟ್ ವಿಶ್ವವಿದ್ಯಾಲಯ, ಕೆಳಗೆ ತಾವರೆಕೆರೆ, ಅದರಾಚೆ ಬಿಟಿಎಂ. ಗುಂಟೆ ಅಂದ್ರೆ ಕುಂಟೆ, ನೀರು ನಿಲ್ಲೋ ಗುಂಡಿ. ಪಕ್ಕದ ಊರಿನ ಹೆಸರಲ್ಲಿ ಕೆರೆಯೇ ಇದೆ, ಅದೂ ತಾವರೆ ಸಮೇತ. ಈಗ ನೀರು ನೋಡಬೇಕು ಅಂದ್ರೆ ಬೆಳಗ್ಗೆ ಆರಕ್ಕೆ ಬರೋ ಟ್ಯಾಂಕರ್ ನೋಡಬೇಕು.

ಕ್ರೈಸ್ಟ್ ಕಾಲೇಜು ಶುರುವಾಗಿದ್ದು 1969ರಲ್ಲಿ. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯ್ತು. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಟೆಕ್ ಪಾರ್ಕ್ ಇದ್ದ ಮೇಲೆ ಮಧ್ಯದ ಪಾಳ್ಯ ಏನಾಗಬೇಕೋ ಅದೇ ಆಗಿದೆ. ಇಪ್ಪತ್ತು ಅಡಿ ಅಗಲದ ಸೈಟಲ್ಲಿ ಐದು ಮಹಡಿ, ಪ್ರತಿ ಮಹಡಿಯಲ್ಲೂ ಪಿಜಿ. ಬಾಲ್ಕನಿಯಿಂದ ಕೈ ಚಾಚಿದರೆ ಎದುರು ಮನೆಯ ಒಣಗೋ ಬಟ್ಟೆ ಸಿಗುತ್ತೆ. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದ ಮೊದಲ ಮೂರು ವರ್ಷ ನಾನೂ ಇಲ್ಲೇ, ತ್ರೀ ಶೇರಿಂಗ್ ರೂಮಲ್ಲಿ ಇದ್ದೆ. ಈಗ ಕೆಲಸ ಸಾಫ್ಟ್‌ವೇರ್ ಸೆಕ್ಯುರಿಟಿ. ಬೇರೆಯವರು ಬರೆದ ಕೋಡ್‌ನಲ್ಲಿ ಬಾಗಿಲು ಎಲ್ಲಿ ತೆರೆದಿದೆ ಅಂತ ಹುಡುಕೋದು. ಹಾಗಾಗಿ ಹಳೇ ಗಲ್ಲಿಗೆ ಬಂದರೆ ಕಣ್ಣು ಸುಮ್ಮನೆ ಇರಲ್ಲ.

ಭವಾನಿನಗರದ ಕಡೆ ಒಂದು ಬೇಕರಿ ಮೇಲಿನ ಮಹಡಿಯಲ್ಲಿ ಗೇಮಿಂಗ್ ಕೆಫೆ ಇದೆ. ಎಸಿ ಜೋರು, ದೀಪ ನೀಲಿ, ಹುಡುಗರ ಬೈಗುಳ ಮಾತ್ರ ಎಂಟು ಭಾಷೆಯಲ್ಲಿ. ಹೆಚ್ಚಿನವರು ವ್ಯಾಲೊರಂಟ್ ಆಡ್ತಿರ್ತಾರೆ, ಉಳಿದವರು ಜಿಟಿಎ 6ಕ್ಕೆ ಕಾಯ್ತಿರ್ತಾರೆ. ಅಂದಹಾಗೆ ಜಿಟಿಎ ಮಾಡೋ ರಾಕ್‌ಸ್ಟಾರ್‌ಗೆ ಬೆಂಗಳೂರಲ್ಲೇ ಸ್ಟುಡಿಯೋ ಇದೆ. 1997ರಲ್ಲಿ ಇದೇ ಊರಲ್ಲಿ ಹುಟ್ಟಿದ ಧ್ರುವ ಇಂಟರ್ಯಾಕ್ಟಿವ್ ಕಂಪನಿಯನ್ನ 2019ರಲ್ಲಿ ಅವರು ಕೊಂಡುಕೊಂಡ್ರು. ಭಾರತದಲ್ಲಿ ಗೇಮ್ ಮಾಡ್ತೀವಿ ಅಂತ ಹೊರಟ ಮೊದಲ ಸ್ಟುಡಿಯೋಗಳಲ್ಲಿ ಅದೂ ಒಂದು. ಅಲ್ಲಿದ್ದ ಹುಡುಗರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ, ‘ರೆಫರಲ್ ಇದೆಯಾ ಬ್ರೋ?’

ವ್ಯಾಲೊರಂಟ್‌ಗೆ ವ್ಯಾನ್‌ಗಾರ್ಡ್ ಅನ್ನೋ ಕಾವಲುಗಾರ ಇದ್ದಾನೆ. ಯಾರಾದ್ರೂ ಚೀಟ್ ಸಾಫ್ಟ್‌ವೇರ್ ಹಾಕಿ ಗೋಡೆ ಆಚೆ ಇರೋ ಎದುರಾಳಿಯನ್ನ ನೋಡ್ತಿದ್ದಾರಾ ಅಂತ ಪತ್ತೆ ಮಾಡೋದು ಅವನ ಕೆಲಸ. ಅವನು ಕೂರೋದು ಕರ್ನಲ್‌ನಲ್ಲಿ, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಳಪಾಯದಲ್ಲಿ. ನೀವು ಆಟ ಶುರು ಮಾಡೋವಾಗ ಅಲ್ಲ, ಕಂಪ್ಯೂಟರ್ ಆನ್ ಆಗೋವಾಗಲೇ ಎದ್ದು ಕೂರ್ತಾನೆ. ಪಿಜಿಯಲ್ಲಿ ಇದ್ದವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಓನರ್ ಅಂಕಲ್ ಹತ್ರ ಎಲ್ಲಾ ರೂಮಿನ ಮಾಸ್ಟರ್ ಕೀ ಇರುತ್ತಲ್ಲ, ಅದೇ ಇದು. ಅಂಕಲ್ ಒಳ್ಳೆಯವರೇ ಇರಬಹುದು. ಆದರೆ ಆ ಕೀ ಯಾವ ಮೊಳೆಗೆ ನೇತಾಡ್ತಿದೆ ಅನ್ನೋದೂ ಅಷ್ಟೇ ಮುಖ್ಯ.

ಗೆನ್ಶಿನ್ ಇಂಪ್ಯಾಕ್ಟ್ ಆಟದ ಕತೆ ಕೇಳಿ. ಅದರ ಚೀಟ್ ತಡೆಯೋ ಡ್ರೈವರ್ ಕೂಡ ಕರ್ನಲ್‌ನಲ್ಲಿ ಓಡೋದು, ವಿಂಡೋಸ್ ನಂಬೋ ಸಹಿ ಇರೋದು. ರ‍್ಯಾನ್ಸಮ್‌ವೇರ್ ಗ್ಯಾಂಗ್ ಒಂದು ಆ ಡ್ರೈವರ್ ಫೈಲನ್ನೇ ಜೇಬಲ್ಲಿಟ್ಟುಕೊಂಡು ಬಂದು, ಅದರಿಂದಲೇ ಆಂಟಿವೈರಸ್ ಸಾಯಿಸಿತು ಅಂತ 2022ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ವಿವರವಾಗಿ ಬರೆಯಿತು. ಬಲಿಯಾದ ಕಂಪ್ಯೂಟರ್‌ನಲ್ಲಿ ಆ ಆಟ ಇರಲೇಬೇಕು ಅಂತಾನೂ ಇರಲಿಲ್ಲ. ಕಳ್ಳತನದ ಉದ್ದೇಶವೇ ಇಲ್ಲದೆ ಎಡವಟ್ಟಾಗಿದ್ದೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ವಲ್ಲ, ಅದೂ ತಳಪಾಯದಲ್ಲಿ ಕೂತಿದ್ದ ಕಾವಲುಗಾರನದ್ದೇ ಕೆಲಸ.

ಆಡಬೇಡಿ ಅಂತ ನಾನು ಹೇಳಲ್ಲ. ಚೀಟರ್‌ಗಳು ಎಷ್ಟು ತಲೆ ತಿಂತಾರೆ ಅಂತ ಆಡೋರಿಗೆ ಗೊತ್ತು. ಆದರೆ ಆಫೀಸ್ ಕೆಲಸ, ನೆಟ್ ಬ್ಯಾಂಕಿಂಗ್, ಅಮ್ಮನ ಮೆಡಿಕಲ್ ರಿಪೋರ್ಟ್ ಎಲ್ಲಾ ಇರೋ ಒಂದೇ ಲ್ಯಾಪ್‌ಟಾಪ್‌ಗೆ ಇಂಥವರನ್ನ ಬಿಟ್ಟುಕೊಳ್ಳೋದು ಬೇರೆ ಮಾತು. ಆ ದೃಷ್ಟಿಯಿಂದ ನೋಡಿದರೆ ಗಂಟೆ ಲೆಕ್ಕದ ಗೇಮಿಂಗ್ ಕೆಫೆಯೇ ವಾಸಿ. ಕಾವಲುಗಾರ ಅವರ ಮೆಷಿನ್‌ನಲ್ಲಿರ್ತಾನೆ, ನಿಮ್ಮದರಲ್ಲಲ್ಲ. ಅಲ್ಲಿ ಕೂತು ಜಿಮೇಲ್ ಮಾತ್ರ ತೆಗೀಬೇಡಿ.

ಈ ಸಲ ನಾನು ಪಾಳ್ಯಕ್ಕೆ ಬಂದಿದ್ದು ಆಟಕ್ಕಲ್ಲ. ಚಿಕ್ಕಮ್ಮನ ಮಗಳಿಗೆ ಎಂಕಾಂ ಸೀಟು ಸಿಕ್ಕಿತ್ತು, ಪಿಜಿ ಹುಡುಕಬೇಕಿತ್ತು. ಚಿಕ್ಕಮ್ಮ ಅರಸೀಕೆರೆಯಿಂದ ಫೋನಲ್ಲೇ ಪಟ್ಟಿ ಕೊಟ್ಟಿದ್ರು: ಲೇಡೀಸ್ ಪಿಜಿ ಆಗಿರಬೇಕು, ಬಿಸಿನೀರು ಬರಬೇಕು, ಸಿಸಿ ಕ್ಯಾಮೆರಾ ಇರಲೇಬೇಕು. ಮೂರನೆಯದನ್ನ ಎರಡು ಸಲ ಹೇಳಿದ್ರು. ಕಾರಣ ಇದೆ. 2024ರ ಜುಲೈನಲ್ಲಿ, ಇಲ್ಲಿಂದ ಕೂಗಳತೆ ದೂರದ ಕೋರಮಂಗಲದ ಪಿಜಿಯೊಂದಕ್ಕೆ ರಾತ್ರಿ ನುಗ್ಗಿದವನೊಬ್ಬ ಯುವತಿಯೊಬ್ಬಳನ್ನ ಕೊಂದ. ಆ ಸಿಸಿಟಿವಿ ದೃಶ್ಯ ಎಲ್ಲರ ಫೋನಲ್ಲೂ ಓಡಾಡಿತು, ಅರಸೀಕೆರೆಗೂ ಹೋಯಿತು. ಆಮೇಲೆ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡ್ತು. ಬಾಗಿಲುಗಳಲ್ಲಿ ಕ್ಯಾಮೆರಾ ಕಡ್ಡಾಯ, ದೃಶ್ಯಗಳನ್ನ 90 ದಿನ ಉಳಿಸಬೇಕು, ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಜಾಗ, ನೀರಿನ ವಿಷಯ ಪಾಳ್ಯದಲ್ಲಿ ಕೇಳಬೇಡಿ. ಕ್ಯಾಮೆರಾ ಮಾತ್ರ ಎಲ್ಲರೂ ಹಾಕಿದ್ದಾರೆ.

ನಾವು ನೋಡಿದ ನಾಲ್ಕನೇ ಪಿಜಿಯಲ್ಲಿ ಎಂಟು ಕ್ಯಾಮೆರಾ ಇದ್ವು. ಮೆಟ್ಟಿಲ ಕೆಳಗೆ, ಅಕ್ಕಿ ಮೂಟೆ ಪಕ್ಕ, ರೆಕಾರ್ಡರ್ ಡಬ್ಬಿ. ಅದರ ಮೇಲೆ ಬಿಳಿ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಮಾರ್ಕರ್ ಪೆನ್ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್. ಏನಿತ್ತು ಅಂತ ಬರೆಯಲ್ಲ, ನೀವು ಊಹಿಸಿದ್ದೇ. ಕೇರ್‌ಟೇಕರ್ ಅಕ್ಕ ಹೆಮ್ಮೆಯಿಂದ ಟಿವಿಯಲ್ಲಿ ಎಲ್ಲಾ ಮಹಡಿ ತೋರಿಸಿದ್ರು. ಒಂದು ಕ್ಯಾಮೆರಾ ಎರಡನೇ ಮಹಡಿಯ ವಾಷಿಂಗ್ ಮೆಷಿನ್ ಜಾಗಕ್ಕೆ ತಿರುಗಿತ್ತು. ಬಾತ್‌ರೂಮಿಂದ ಹೊರಬರೋ ದಾರಿಯೂ ಅದೇ. ನನ್ನ ತಂಗಿ ಅದನ್ನೇ ನೋಡ್ತಾ ಕೇಳಿದಳು, ‘ಇದನ್ನ ಯಾರ‍್ಯಾರು ನೋಡ್ತಾರೆ?’

ಸೆಕ್ಯುರಿಟಿಯಲ್ಲಿ ಏಳು ವರ್ಷ ಕೆಲಸ ಮಾಡಿದ್ದೀನಿ. ಇದಕ್ಕಿಂತ ನೇರವಾದ ಪ್ರಶ್ನೆಯನ್ನ ಯಾವ ರಿವ್ಯೂ ಮೀಟಿಂಗ್‌ನಲ್ಲೂ ಕೇಳಿಲ್ಲ.

ಇಂಥ ಡಬ್ಬಿಗಳ ಚರಿತ್ರೆಗೂ ಆಟಕ್ಕೂ ನಂಟಿದೆ. 2016ರಲ್ಲಿ ಅಮೆರಿಕದ ಮೂವರು ಹುಡುಗರು ಮಿರಾಯ್ ಅನ್ನೋ ಪ್ರೋಗ್ರಾಮ್ ಬರೆದ್ರು. ಅವರ ಕಣ್ಣಿದ್ದದ್ದು ಮೈನ್‌ಕ್ರಾಫ್ಟ್ ವ್ಯವಹಾರದ ಮೇಲೆ. ಮೈನ್‌ಕ್ರಾಫ್ಟ್ ಸರ್ವರ್ ನಡೆಸೋದರಲ್ಲಿ ಒಳ್ಳೇ ಕಾಸಿದೆ. ಪ್ರತಿಸ್ಪರ್ಧಿಯ ಸರ್ವರ್‌ಗೆ ಸುಳ್ಳು ಟ್ರಾಫಿಕ್ ನುಗ್ಗಿಸಿ ನಿಧಾನ ಮಾಡಿದರೆ ಅಲ್ಲಿನ ಆಟಗಾರರು ಬೇಸತ್ತು ಬೇರೆ ಕಡೆ ಬರ್ತಾರೆ. ಅಷ್ಟು ಟ್ರಾಫಿಕ್‌ಗೆ ಸಾವಿರಾರು ಯಂತ್ರ ಬೇಕು. ಅವರು ಹುಡುಕಿದ್ದು ಸಿಸಿ ಕ್ಯಾಮೆರಾ, ರೆಕಾರ್ಡರ್, ರೌಟರ್‌ಗಳನ್ನ. ದೊಡ್ಡ ವಿದ್ಯೆ ಏನೂ ಬೇಕಾಗಲಿಲ್ಲ. ಕಾರ್ಖಾನೆಯಲ್ಲೇ ಹಾಕಿಕೊಟ್ಟ ಸುಮಾರು ಅರವತ್ತು ಪಾಸ್‌ವರ್ಡ್‌ಗಳ ಪಟ್ಟಿ, ಒಂದೊಂದಾಗಿ ಹಾಕಿ ನೋಡೋದು, ಅಷ್ಟೇ. ಲಕ್ಷಗಟ್ಟಲೆ ಡಬ್ಬಿಗಳು ಬಾಗಿಲು ತೆಗೆದ್ವು. ಆ ಕೋಡ್ ಬಯಲಿಗೆ ಬಂದ ಮೇಲೆ, ಅಕ್ಟೋಬರ್ 21ರಂದು ಬೇರೆ ಯಾರೋ ಅದನ್ನೇ ಬಳಸಿ ಡಿನ್ ಕಂಪನಿಯ ಮೇಲೆ ದಾಳಿ ಮಾಡಿ, ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲಾ ಗಂಟೆಗಟ್ಟಲೆ ತೆವಳೋ ಹಾಗೆ ಮಾಡಿದ್ರು. ಮೂವರೂ 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡದ್ದು ಬಹಿರಂಗವಾಯಿತು.

ಮಿರಾಯ್‌ಗೆ ಕ್ಯಾಮೆರಾ ಏನು ನೋಡ್ತಿದೆ ಅನ್ನೋದು ಬೇಕಿರಲಿಲ್ಲ. ಬೇಕಾಗಿರೋರು ಆಮೇಲೆ ಬಂದ್ರು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಮ್‌ನಲ್ಲಿ ಸಿಕ್ಕಿದ್ವು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು, ದುಡ್ಡಿಗೆ. ಪೊಲೀಸರು ಬೆನ್ನು ಹತ್ತಿದಾಗ ದೇಶದ ಬೇರೆ ಬೇರೆ ಕಡೆಯ ಕ್ಯಾಮೆರಾಗಳೂ ಹೀಗೇ ತೆರೆದುಕೊಂಡಿದ್ವು ಅಂತ ಗೊತ್ತಾಯ್ತು. ಆಸ್ಪತ್ರೆಯ ಪಾಸ್‌ವರ್ಡ್ ‘ಅಡ್ಮಿನ್123’ ಆಗಿತ್ತು ಅಂತ ಪತ್ರಿಕೆಗಳು ಬರೆದವು.

ಈಗ ಪಿಜಿ ಅಕ್ಕನನ್ನ ಬೈಬೇಕಾ? ನಾನು ಬೈಯಲ್ಲ. ಅವರಿಗೆ ಹೇಳಿದ್ದು ಕ್ಯಾಮೆರಾ ಹಾಕಿ ಅಂತ, ಹಾಕಿಸಿದ್ದಾರೆ. ನಮ್ಮ ಇಂಡಸ್ಟ್ರಿಗೆ ಒಂದು ಕೆಟ್ಟ ಚಾಳಿ ಇದೆ. ಏನೇ ಆದರೂ ‘ಬಳಕೆದಾರರು ಜಾಗೃತರಾಗಿರಬೇಕು’ ಅಂದುಬಿಡೋದು. ಗ್ಯಾಸ್ ಸಿಲಿಂಡರ್ ಮಾರೋನು ಸೀಲ್ ಇಲ್ಲದೆ ಕಳಿಸಿ, ಗಿರಾಕಿ ಜಾಗೃತರಾಗಿರಬೇಕು ಅಂದ್ರೆ ಒಪ್ತೀವಾ? ಒಂದೇ ಪಾಸ್‌ವರ್ಡ್ ಹಾಕಿ ಲಕ್ಷ ಡಬ್ಬಿ ಮಾರೋದು ಕಂಪನಿಗೆ ಅಗ್ಗ, ಸಪೋರ್ಟ್ ಕಾಲ್ ಕಡಿಮೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಅಂಥ ಡಬ್ಬಿ ಮಾರೋದೇ ಕಾನೂನುಬಾಹಿರ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಹೊಸ ಸಿಸಿ ಕ್ಯಾಮೆರಾಗಳು ಸರ್ಕಾರದ ಭದ್ರತಾ ಪರೀಕ್ಷೆ ದಾಟಬೇಕು ಅನ್ನೋ ನಿಯಮ ಬಂತು. ತಯಾರಕರು ಗೊಣಗಿದ್ರು. ನನಗೆ ಖುಷಿಯಾಯ್ತು. ಆದರೆ ಅದಕ್ಕೂ ಮುಂಚೆ ಮೆಟ್ಟಿಲ ಕೆಳಗೆ ಕೂತ ಡಬ್ಬಿಗಳನ್ನ ಯಾರೂ ಬಂದು ಪರೀಕ್ಷೆ ಮಾಡಲ್ಲ.

ಅಕ್ಕನ ಒಪ್ಪಿಗೆ ತಗೊಂಡು, ಓನರ್‌ಗೆ ಫೋನಲ್ಲಿ ಹೇಳಿ, ನಾನೇ ಕೂತೆ. ಪಾಸ್‌ವರ್ಡ್ ಬದಲಿಸೋದು ಹತ್ತು ನಿಮಿಷದ ಕೆಲಸ. ಅದರ ಜೊತೆ ಮೊಬೈಲ್ ಆ್ಯಪ್‌ನಲ್ಲಿ ಯಾರ‍್ಯಾರು ನೋಡಬಹುದು ಅನ್ನೋ ಪಟ್ಟಿ ಇರುತ್ತೆ, ಅದನ್ನ ತೆಗೆದೆ. ಐದು ಹೆಸರು. ಒಂದು ಓನರ್‌ದು, ಒಂದು ಅವರ ಮಗನದು, ಒಂದು ಅಕ್ಕನದು, ಒಂದು ಕ್ಯಾಮೆರಾ ಹಾಕಿ ಹೋದ ಹುಡುಗನದು. ಐದನೆಯದು ಯಾರದು ಅಂತ ಓನರ್‌ಗೂ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಹಳೇ ಕೇರ್‌ಟೇಕರ್ ಇರಬಹುದು, ಮತ್ಯಾರೋ ಇರಬಹುದು. ಕೊನೆಯ ಎರಡನ್ನೂ ತೆಗೆದು, ವಾಷಿಂಗ್ ಮೆಷಿನ್ ಕ್ಯಾಮೆರಾವನ್ನ ಮೆಟ್ಟಿಲ ಕಡೆ ತಿರುಗಿಸಿದ್ವಿ. ಅಕ್ಕ ಸ್ಟಿಕ್ಕರ್ ಕಿತ್ತು, ಹೊಸ ಪಾಸ್‌ವರ್ಡನ್ನ ತಮ್ಮ ರೇಷನ್ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡ್ರು. ಪೇಪರ್‌ನಲ್ಲಿ ಬರೀಬಾರದು ಅಂತ ಕೆಲವರು ಹೇಳ್ತಾರೆ. ಆ ಪುಸ್ತಕ ಅವರ ಸೊಂಟ ಬಿಟ್ಟು ಕದಲಲ್ಲ, ನನಗೆ ಸಾಕು.

ತಂಗಿ ಅಲ್ಲೇ ಸೇರಿದಳು. ಬಿಸಿನೀರು ಮಾತ್ರ ಬೆಳಗ್ಗೆ ಎಂಟರವರೆಗೆ.

ಅಡ್ವಾನ್ಸ್ ಕೊಟ್ಟ ಮೇಲೆ ಆಧಾರ್ ಜೆರಾಕ್ಸ್ ಕೇಳಿದ್ರು. ಕಾಲೇಜಿನ ಕಡೆ ಹೋಗೋ ರಸ್ತೆಯಲ್ಲಿ ಹೆಜ್ಜೆಗೊಂದು ಜೆರಾಕ್ಸ್ ಅಂಗಡಿ. ವಿಧಾನ ನಿಮಗೆ ಗೊತ್ತೇ ಇದೆ: ಗೋಡೆ ಮೇಲಿನ ನಂಬರ್‌ಗೆ ವಾಟ್ಸ್ಯಾಪ್ ಮಾಡಿ, ಅವರು ಕಂಪ್ಯೂಟರ್‌ನಲ್ಲಿ ತೆಗೆದು ಪ್ರಿಂಟ್ ಕೊಡ್ತಾರೆ. ಪ್ರಿಂಟ್ ನಿಮ್ಮ ಕೈಗೆ, ಫೈಲು ಅವರ ಡೌನ್‌ಲೋಡ್ಸ್ ಫೋಲ್ಡರ್‌ಗೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಯಲ್ಲಿ ಡೌನ್‌ಲೋಡ್ ಮಾಡಿದರೆ ಪೂರ್ತಿ ಅಳಿಸಿ ಅಂತ. ಜನ ಗಾಬರಿಯಾದ್ರು. ಎರಡೇ ದಿನಕ್ಕೆ, 29ರಂದು, ತಪ್ಪು ಅರ್ಥ ಬರಬಹುದು ಅಂತ ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಂಡಿತು. ನನ್ನ ಪ್ರಕಾರ ಆ ಎರಡು ದಿನದ ಸಲಹೆಯೇ ಸರಿ ಇತ್ತು. ಮಾಸ್ಕ್ಡ್ ಆಧಾರ್ ಈಗಲೂ ಸಿಗುತ್ತೆ, ನಾವು ಕೊಟ್ಟಿದ್ದೂ ಅದನ್ನೇ. ಪಿಜಿಯವರು ಒಂದು ಮಾತೂ ಕೇಳದೆ ಫೈಲಿಗೆ ಸೇರಿಸಿದ್ರು.

ಅಂಗಡಿಯಣ್ಣನಿಗೆ ‘ಫೈಲ್ ಡಿಲೀಟ್ ಮಾಡ್ಬಿಡಿ’ ಅಂದೆ. ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು. ಆ ದಿನದ ತಾರೀಕಿನ ಒಂದೇ ಫೋಲ್ಡರ್. ‘ಇದೊಂದೇ ಸರ್. ರಾತ್ರಿ ಶಟರ್ ಎಳೆಯೋ ಮುಂಚೆ ಫೋಲ್ಡರೂ ಹೋಗುತ್ತೆ, ಕಸದ ಬುಟ್ಟಿನೂ ಖಾಲಿ. ಯಾರ‍್ದೋ ಕಾರ್ಡ್ ನನ್ನ ಹತ್ರ ಯಾಕೆ? ನಾಳೆ ಪೊಲೀಸ್ ಬಂದ್ರೆ ಉತ್ತರ ಹೇಳೋನು ನಾನು.’ ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲೇ ಆದರೂ ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಪೂರ್ತಿ ಪಾಲಿಸೋಕೆ ಕಂಪನಿಗಳಿಗೆ ಮತ್ತೆ ಹದಿನೆಂಟು ತಿಂಗಳ ಗಡುವು. ಇವರಿಗೆ ಯಾವ ಗಡುವೂ ಬೇಕಾಗಿಲ್ಲ. ಎರಡು ಪ್ರಿಂಟಿಗೆ ಹತ್ತು ರೂಪಾಯಿ ತಗೊಂಡ್ರು. ನಾನು ಅಂಗಡಿಯ ಲೊಕೇಶನ್ನನ್ನ ತಂಗಿಗೆ ಕಳಿಸಿದೆ, ಇನ್ನೆರಡು ವರ್ಷ ಪ್ರಿಂಟ್ ಬೇಕಾದ್ರೆ ಇಲ್ಲಿಗೇ ಬಾ ಅಂತ.