ಉಪ್ಪಿಗೆಂದು ಕೊಂಡ ಕಾರು

ಸ್ವಿಫ್ಟ್ ಗೊತ್ತಿಲ್ಲದ ಕನ್ನಡಿಗನಿಲ್ಲ. 2005ರಲ್ಲಿ ಮಾರುತಿಯವರು ತಂದಾಗಿನಿಂದ ನಮ್ಮಲ್ಲಿ ಬೀದಿಗೊಂದರಂತೆ ನಿಂತಿದೆ. ಆದರೆ ಬ್ರಿಟನ್ನಿನ ಶೆಫೀಲ್ಡಿನಲ್ಲಿ ನನ್ನ ಪಕ್ಕದ ಮನೆಯ ಮುಂದೆ ಈ ಅಕ್ಟೋಬರಿನಲ್ಲಿ ಬಂದು ನಿಂತಿರುವುದು ಮಾರುತಿ ಎಂದೂ ಮಾರದ ತಳಿ, ಸ್ವಿಫ್ಟ್ ಸ್ಪೋರ್ಟ್. 2008ರ ಮಾಡೆಲ್. ಮುಖ ಅದೇ. ಹಿಂದೆ ಸೈಲೆನ್ಸರಿಗೆ ಎರಡು ಬಾಯಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಬಾನೆಟ್ಟಿನಡಿ 1.6 ಲೀಟರಿನ 125 ಅಶ್ವಶಕ್ತಿ. ಇದೇ ವಂಶದ ಎಂಜಿನ್ನು ನಮ್ಮ ಎಸ್‌ಎಕ್ಸ್4 ಸೆಡಾನಿನಲ್ಲಿ ಸಾಧುವಾಗಿ ಓಡಾಡಿಕೊಂಡಿತ್ತು. ಇಲ್ಲಿ ಅದು 6,800 ಆರ್‌ಪಿಎಂವರೆಗೆ ಕಿರುಚಿದರೇ ಪೂರ್ತಿ ಶಕ್ತಿ ಬಿಟ್ಟುಕೊಡುವುದು.

ಇಂಥವನ್ನು ಇಲ್ಲಿಯ ಕಾರುಹುಚ್ಚರು ವಾರ್ಮ್ ಹ್ಯಾಚ್ ಎನ್ನುತ್ತಾರೆ. ಗಾಲ್ಫ್ ಜಿಟಿಐ, ಪ್ಯೂಜೊ 205 ಜಿಟಿಐ ತರಹದವು ಹಾಟ್ ಹ್ಯಾಚ್‌ಗಳು. ಇವು ಅವಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹಾಟ್ ಆದವು ಹಳತಾದಷ್ಟೂ ಬೆಲೆ ಏರಿಸಿಕೊಂಡು ಸಂಗ್ರಹಕಾರರ ಪಾಲಾದವು. ವಾರ್ಮ್ ಆದವನ್ನು ಯಾರೂ ಮ್ಯೂಸಿಯಮ್ಮಿಗೆ ಸೇರಿಸಲಿಲ್ಲ. ಹಾಗಾಗಿ ಸಾವಿರದ ಚಿಲ್ಲರೆ ಪೌಂಡಿಗೆ ಲಕ್ಷ ಮೈಲಿ ದಾಟಿದ್ದೊಂದು ಸಿಕ್ಕಿದೆ.

*

ಕೊಂಡವನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವನ ಬಳಿ ಈಗಾಗಲೇ ಟಾಪು ಮಡಚುವ ಮಾಜ್ದಾ ಎಂಎಕ್ಸ್-5 ಇದೆ. ಅದನ್ನು ತೊಳೆದು, ಒರೆಸಿ, ಶೆಡ್ಡಿನೊಳಗೆ ಬಟ್ಟೆ ಹೊದಿಸಿ ಮಲಗಿಸಿಯಾಯಿತು. ಇದು ರಸ್ತೆಗಿಳಿಯುವುದಿಲ್ಲ ಎಂದು ಸರ್ಕಾರಕ್ಕೂ ತಿಳಿಸಿದ್ದಾನೆ. ಹಾಗೆ ತಿಳಿಸಿದರೆ ಆ ತಿಂಗಳುಗಳ ರಸ್ತೆ ತೆರಿಗೆ ಮಿಗುತ್ತದೆ. ಚಳಿಗಾಲಕ್ಕೆ ಈ ಸ್ವಿಫ್ಟು. ‘ಇದು ಹಾಳಾದರೂ ತಲೆಕೆಡಿಸಿಕೊಳ್ಳಬೇಕಿಲ್ಲ’ ಅಂದ. ಮರುದಿನ ಬೆಳಿಗ್ಗೆ ಕತ್ತಲು ಹರಿಯುವ ಮೊದಲೇ, ತಲೆಗೆ ದೀಪ ಕಟ್ಟಿಕೊಂಡು, ಅದರಡಿ ಮಲಗಿದ್ದ.

ನಮ್ಮಲ್ಲಿ ಕಾರು ಇರುವವನು ಕಾರಿನಡಿ ಮಲಗುವುದಿಲ್ಲ. ಅದಕ್ಕೆ ಬೇರೆಯವರಿದ್ದಾರೆ, ಅವರ ಕೈಯಲ್ಲಿ ಕಲಿಯಲು ಬಂದ ಹುಡುಗರಿದ್ದಾರೆ. ಇಲ್ಲಿ ಗ್ಯಾರೇಜಿನವರು ಗಂಟೆಯ ಲೆಕ್ಕದಲ್ಲಿ ಕೂಲಿ ಹಾಕುತ್ತಾರೆ. ಒಂದು ದಿನದ ಕೂಲಿಯೇ ಈ ಕಾರಿನ ಬೆಲೆಯ ದೊಡ್ಡ ಪಾಲನ್ನು ನುಂಗಬಲ್ಲದು. ಹಾಗಾಗಿ ಮೇಷ್ಟ್ರು, ದಾದಿಯರು, ಲೆಕ್ಕಿಗರು ಭಾನುವಾರ ಮೈಯೆಲ್ಲ ಗ್ರೀಸು ಬಳಿದುಕೊಂಡು ಮಣ್ಣಿನ ಮೇಲೆ ಹೊರಳುತ್ತಿರುತ್ತಾರೆ. ನಾಚಿಕೆಯಂತೂ ಇಲ್ಲ, ಸ್ವಲ್ಪ ಜಂಬವೇ ಇದೆ ಎಂದು ನನ್ನ ಗುಮಾನಿ.

*

ಕೊಳ್ಳುವ ಮೊದಲು ಅವನು ಕಾರು ನೋಡಲಿಲ್ಲ, ಅದರ ಜಾತಕ ನೋಡಿದ. ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಂಒಟಿ ಎಂಬ ಪರೀಕ್ಷೆ ಕಡ್ಡಾಯ. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ಗಾಡಿಗಳಿಗಷ್ಟೇ ಇತ್ತು; 1967ರಲ್ಲಿ ಅವಧಿ ಮೂರಕ್ಕಿಳಿಯಿತು. ಸೋಜಿಗವೆಂದರೆ ಆ ಫಲಿತಾಂಶವನ್ನು ಯಾರು ಬೇಕಾದರೂ ಬಿಟ್ಟಿ ನೋಡಬಹುದು. ನಂಬರ್ ಪ್ಲೇಟಿನ ಅಕ್ಷರಗಳನ್ನು ಸರ್ಕಾರದ ಜಾಲತಾಣದಲ್ಲಿ ಒತ್ತಿದರೆ ಸಾಕು. ಯಾವ ವರ್ಷ ಎಷ್ಟು ಮೈಲಿ, ಯಾವುದರಲ್ಲಿ ಫೇಲು, ಮುಂದಿನ ಸಲಕ್ಕೆ ಏನು ಎಚ್ಚರಿಕೆ, ಎಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಈ ಸ್ವಿಫ್ಟಿನದನ್ನು ನನಗೆ ಓದಿ ಹೇಳಿದ: ಹಿಂದಿನ ಬ್ರೇಕ್ ಪೈಪಿಗೆ ತುಕ್ಕು, ಮುಂದಿನ ಕೆಳ ಆರ್ಮಿನ ಬುಷ್ ಸವೆದಿದೆ, ಸೈಲೆನ್ಸರಿನಿಂದ ಸಣ್ಣ ಸೋರಿಕೆ, ಮತ್ತೆ ಬ್ರೇಕ್ ಪೈಪಿಗೆ ತುಕ್ಕು, ಈ ಸಲ ‘ಹೆಚ್ಚಾಗಿದೆ’.

ನಾವು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ನಂಬುವುದು ಏನನ್ನು? ಡಾಕ್ಟರ ಗಾಡಿ, ಒಬ್ಬರೇ ಓನರ್, ಮಳೆಗಾಲದಲ್ಲಿ ಹೊರಗೇ ತೆಗೆದಿಲ್ಲ ಎಂಬ ಕಥೆಗಳನ್ನು. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷ ಕೇಳುವವರಿಲ್ಲದೆ ನಡೆಯುತ್ತದೆ. ಇಲ್ಲಿ ಮಾರುವವನಿಗೆ ಕಥೆ ಕಟ್ಟುವ ಅವಕಾಶವೇ ಕಡಿಮೆ. ವ್ಯಾಪಾರದ ಅರ್ಧ ರುಚಿ ಹೋಯಿತಲ್ಲ ಎನಿಸಿತು, ಆದರೆ ಅದನ್ನು ಅವನ ಮುಂದೆ ಹೇಳಲಿಲ್ಲ.

*

ನವೆಂಬರ್. ರಸ್ತೆಗೆ ಉಪ್ಪು ಸುರಿಯುವ ಲಾರಿಗಳು ರಾತ್ರಿ ಓಡಾಡಲು ಶುರುವಾಗಿವೆ.

ನನಗೆ ಅರ್ಥವಾಗದ ವಿಷಯಗಳಲ್ಲಿ ಇದೇ ದೊಡ್ಡದು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟುವುದಿಲ್ಲ. ರಸ್ತೆಯಲ್ಲಿ ಸುಮಾರು ಮೈನಸ್ ಎಂಟು-ಹತ್ತರವರೆಗೆ ಈ ಉಪಾಯ ನಡೆಯುತ್ತದೆ. ಅಲ್ಲಿಯವರೆಗೆ ಸರಿ. ಮಂಜು ಬೀಳುವ ಸೂಚನೆಯಿದ್ದರೆ ಮುಂಚೆಯೇ ಚದರ ಮೀಟರಿಗೆ ಹತ್ತಿಪ್ಪತ್ತು ಗ್ರಾಂ ಎರಚುತ್ತಾರೆ, ಹಿಮ ಬಿದ್ದರೆ ಇನ್ನೂ ಹೆಚ್ಚು. ಹೆಚ್ಚಿನದೆಲ್ಲ ಕಲ್ಲುಪ್ಪು, ಮಣ್ಣು ಬೆರೆತ ಕೆಂಗಂದು ಬಣ್ಣದ್ದು. ದೇಶದ ಅತಿದೊಡ್ಡ ಕಲ್ಲುಪ್ಪಿನ ಗಣಿ ಚೆಶೈರಿನ ವಿನ್ಸ್‌ಫರ್ಡಿನಲ್ಲಿದೆ. 1844ರಲ್ಲಿ ಕಲ್ಲಿದ್ದಲು ಹುಡುಕಿ ಹೊರಟವರಿಗೆ ಅಲ್ಲಿ ಉಪ್ಪು ಸಿಕ್ಕಿತು. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿಹೋದ ಕಡಲು ಅದು. ಅದನ್ನು ನೆಲದಾಳದಿಂದ ಅಗೆದು ತೆಗೆದು ಈಗ ಮೇಷ್ಟ್ರ ಕಾರಿನ ತಳಕ್ಕೆ ಸಿಡಿಸುತ್ತಿದ್ದಾರೆ. ಸ್ಕಾಟ್ಲೆಂಡಿನಲ್ಲಂತೂ ಈ ಲಾರಿಗಳಿಗೆ ‘ಗ್ರಿಟ್ನಿ ಸ್ಪಿಯರ್ಸ್’ ತರಹದ ಹೆಸರಿಟ್ಟು, ಯಾವುದು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುತ್ತಾರೆ. ಕಾರು ತಿನ್ನುವ ಯಂತ್ರದ ಮೇಲೆ ಇಷ್ಟು ಅಕ್ಕರೆ.

ತಿನ್ನುವುದು ನಿಜ. ಉಪ್ಪು ಗಾಳಿಯ ತೇವವನ್ನು ಹೀರಿ ಕಬ್ಬಿಣದ ಮೈ ಒಣಗದಂತೆ ನೋಡಿಕೊಳ್ಳುತ್ತದೆ. ಆ ಉಪ್ಪುನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ತುಕ್ಕಿನ ಕೆಲಸಕ್ಕೆ ವೇಗ ಬರುತ್ತದೆ. ಇನ್ನೊಂದು ವಿಚಿತ್ರ ಕೇಳಿ: ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಇಟ್ಟರೆ ಹೊರಗಿನ ಕೊರೆಯುವ ಚಳಿಯಲ್ಲಿ ಬಿಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಚಳಿ ಈ ರಾಸಾಯನಿಕ ಕ್ರಿಯೆಯನ್ನು ನಿಧಾನಿಸುತ್ತದೆ, ಬಿಸಿ ಎಬ್ಬಿಸುತ್ತದೆ. ಹಾಗಾಗಿ ಒಳ್ಳೆಯ ಕಾರು ಶೆಡ್ಡಿನಲ್ಲಿ, ಕೆಟ್ಟ ಕಾರು ಬೀದಿಯಲ್ಲಿ. ಇಬ್ಬರಿಗೂ ಅದೇ ಕ್ಷೇಮ.

ಕರಾವಳಿಯ ಗಾಡಿಯೆಂದರೆ ನಮ್ಮ ಬಯಲುಸೀಮೆಯವರೂ ಮೊದಲು ಬಗ್ಗಿ ತಳ ನೋಡುತ್ತಾರೆ. ಆದರೆ ಮಂಗಳೂರಿನ ಉಪ್ಪುಗಾಳಿ ತಾನಾಗಿ ಬೀಸುವಂಥದ್ದು, ತೆರಿಗೆ ಕೊಟ್ಟು ತರಿಸಿದ್ದಲ್ಲ.

*

ಬ್ರೇಕ್ ಪೈಪು ಬದಲಿಸುವುದನ್ನು ಇಡೀ ಶನಿವಾರ ನೋಡಿದೆ. ಪೈಪೇನೋ ಅಗ್ಗ, ಮಾರುದ್ದದ ತಾಮ್ರ-ನಿಕ್ಕಲ್ ಕೊಳವೆ. ಕಷ್ಟವೆಲ್ಲ ಹಳೆಯ ನಟ್ಟಿನದು. ಮೊದಲು ತಂತಿಬ್ರಷ್ಷು, ಆಮೇಲೆ ಎಣ್ಣೆ, ಆಮೇಲೆ ಚಹಾ. ಮತ್ತೆ ಎಣ್ಣೆ. ಆಮೇಲೆ ಗ್ಯಾಸ್ ಟಾರ್ಚಿನ ಬಿಸಿ, ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ ಒಂದು ಜಗ್ಗು. ಬಿಚ್ಚಿಕೊಂಡರೆ ದೇವರು, ಮುರಿದರೆ ಭಾನುವಾರವೂ ಹೋಯಿತು. ಒಂದು ಮುರಿಯಿತು. ಮೇಷ್ಟ್ರು ಆಗ ಆಡಿದ ಮಾತು ಮಕ್ಕಳ ಮುಂದೆ ಆಡುವಂಥದ್ದಲ್ಲ. ಆದರೂ ಮುಖದಲ್ಲಿ ಬೇಸರ ಕಾಣಲಿಲ್ಲ. ಇದನ್ನು ಎರಡೆರಡು ಸಲ ದಿಟ್ಟಿಸಿ ನೋಡಿ ಖಚಿತ ಮಾಡಿಕೊಂಡೆ.

ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ಕುಟ್ಟಿ ನೋಡಿದ. ಸೀಟ್ ಬೆಲ್ಟು, ಸಸ್ಪೆನ್ಷನ್ನು ಕೂರುವ ಜಾಗದಿಂದ 30 ಸೆಂಟಿಮೀಟರಿನೊಳಗೆ ಲೋಹ ಟೊಳ್ಳಾಗಿದ್ದರೆ ಎಂಒಟಿ ಫೇಲು. ಟಣ್ ಎಂದಿತು, ಪಾಸು. ತಳವೆಲ್ಲ ಒಣಗಿದ ಮೇಲೆ ಲ್ಯಾನೋಲಿನ್ ಸಿಂಪಡಿಸಿದ. ಅದು ಕುರಿಯ ಉಣ್ಣೆಯ ಜಿಡ್ಡು. ಕುರಿಯ ಮೈಗೆ ನೀರು ಇಳಿಯದಂತೆ ತಡೆಯುವುದೂ ಅದೇ. ಈ ಓಣಿಯಲ್ಲಿ ನಾಲ್ಕು ದಿನ ಉಣ್ಣೆಯ ವಾಸನೆ ತೇಲುತ್ತಿತ್ತು. ‘ಹಾಳಾದರೂ ಚಿಂತೆಯಿಲ್ಲ’ದ ಕಾರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ‘ಉಪ್ಪಿದೆಯಲ್ಲ’ ಅಂದ. ಉಪ್ಪಿಗೆ ಬಿಡಲೆಂದೇ ಅಲ್ಲವೇ ಕೊಂಡದ್ದು?

*

ಹೀಟರು ಬೆಚ್ಚಗಾಗುತ್ತಿರಲಿಲ್ಲ. ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚದೆ ಕೂತಿತ್ತು. ಕೂಲೆಂಟ್ ಸದಾ ರೇಡಿಯೇಟರಿಗೇ ಓಡುತ್ತಿದ್ದರೆ ಎಂಜಿನ್ನಿಗೆ ಬಿಸಿ ಎಲ್ಲಿಂದ ಬರಬೇಕು? ಸಣ್ಣ ಬಿಡಿಭಾಗ, ಹೊಸದು ಹಾಕಿದ. ಇದು ತಿಳಿಯಿತು. ಆದರೆ ಅದೇ ವಾರ ಎಸಿಗೆ ಗ್ಯಾಸ್ ತುಂಬಿಸಿಕೊಂಡು ಬಂದ. ಡಿಸೆಂಬರಿನ ಬಾಗಿಲಲ್ಲಿ ಎಸಿ! ಗಾಜಿನ ಮೇಲಿನ ಮಬ್ಬಿಗಂತೆ. ಎಸಿ ಗಾಳಿಯಲ್ಲಿರುವ ತೇವವನ್ನು ಹಿಂಡುತ್ತದೆ, ಹೀಟರು ಆ ಒಣಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಊದುತ್ತದೆ. ಸೊನ್ನೆಯ ಹತ್ತಿರ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ, ಆದರೆ ಇಲ್ಲಿಯ ಚಳಿಗಾಲದ ಬಹುಪಾಲು ಐದೆಂಟು ಡಿಗ್ರಿಯ ಜಿನುಗುಮಳೆ. ಬೆಂಗಳೂರಿನ ಜಡಿಮಳೆಯಲ್ಲಿ ಕಿಟಕಿ ಇಳಿಸಿ, ಟವೆಲಿನಿಂದ ಗಾಜು ಒರೆಸುತ್ತಾ ಓಡಿಸುವವರಿಗೂ ಇದನ್ನು ಹೇಳಬೇಕು.

*

ಟೈರು. ನಾಲ್ಕೂ ಹೊಸವು, ಚಳಿಗಾಲದವು, ಪಕ್ಕದಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಚಿಹ್ನೆ. ಸುಮಾರು ಏಳು ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರು ಬಿಗಿಯುತ್ತದೆ, ಇದರದು ಮೆತ್ತಗಿರುತ್ತದೆ. ಜರ್ಮನಿಯಲ್ಲಿ ಹಿಮದ ರಸ್ತೆಗೆ ಇವು ಕಡ್ಡಾಯ. ಬ್ರಿಟನ್ನಿನಲ್ಲಿ ಕಡ್ಡಾಯವಲ್ಲ, ಹೆಚ್ಚಿನವರು ಹಾಕುವುದೂ ಇಲ್ಲ. ಆದರೆ ಶೆಫೀಲ್ಡು ಗುಡ್ಡದ ಊರು. 2014ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ಲುಗಳು ಇಲ್ಲಿಯ ಜೆಂಕಿನ್ ರೋಡನ್ನು ಹತ್ತಿದವು. ಅದರ ಏರು ಒಂದೆಡೆ ಮೂರಕ್ಕೆ ಒಂದು. ಅಂಥ ಕಡೆ ಹಿಮ ಬಿದ್ದರೆ ದೊಡ್ಡ ದೊಡ್ಡ ಜರ್ಮನ್ ಕಾರುಗಳು ಅಡ್ಡಡ್ಡ ಜಾರಿ ಕೆಳಗೆ ಬರುತ್ತವೆ. ಮೇಷ್ಟ್ರ ಸ್ವಿಫ್ಟು ಮೇಲೆ ಹತ್ತುತ್ತದೆ. ಆ ಒಂದು ಬೆಳಗಿಗಾಗಿ ವರ್ಷವಿಡೀ ಕಾಯುತ್ತಾನೇನೋ.

ಲೆಕ್ಕ ಹಾಕಿ ತೋರಿಸಿದೆ: ಟೈರು, ಪೈಪು, ಬುಷ್ಷು, ಬ್ಯಾಟರಿ, ಎಸಿ, ಎರಡನೆಯ ಇನ್ಶೂರೆನ್ಸು. ಕಾರಿನ ಬೆಲೆ ಯಾವಾಗಲೋ ಹಿಂದೆ ಬಿದ್ದಿದೆ. ಮಿಕ್ಕಿತೆಂದ ರಸ್ತೆ ತೆರಿಗೆ ಇದರ ಮುಂದೆ ಯಾವ ಲೆಕ್ಕ. ಗಣಿತದ ಮೇಷ್ಟ್ರು ಕೂಡಿಸಿದ್ದು ಸರಿಯಿದೆ ಅಂದ, ತಲೆಯಾಡಿಸಿದ, ಬಾನೆಟ್ಟೆತ್ತಿದ.

*

ಜನವರಿಯಲ್ಲಿ ಸ್ನೇಕ್ ಪಾಸಿಗೆ ಕರೆದುಕೊಂಡು ಹೋದ. ಗ್ಲಾಸಪ್ಪಿಗೆ ಹೋಗುವ 1821ರ ದಾರಿ, 500 ಮೀಟರಿಗೂ ಮೇಲೆ ಹತ್ತುತ್ತದೆ, ಹಿಮ ಬಿದ್ದರೆ ಮೊದಲು ಮುಚ್ಚುವ ರಸ್ತೆ. ಅಂದು ತೆರೆದಿತ್ತು. ಎರಡೂ ಕಡೆ ಬೋಳು ಬಯಲು, ಕಂದು ಹುಲ್ಲು, ಹೆಪ್ಪುಗಟ್ಟಿದ ಬಿಳಿ. ಎಂಜಿನ್ನು ಮೂರನೇ ಗೇರಿನಲ್ಲಿ ಕಿರುಚುತ್ತಿತ್ತು, ಸ್ಟೇರಿಂಗು ಅವನ ಕೈಯಲ್ಲಿ ಪಿಟಪಿಟನೆ ತಿರುಗುತ್ತಿತ್ತು. ನಾನು ಬಾಗಿಲ ಹಿಡಿ ಹಿಡಿದುಕೊಂಡಿದ್ದೆ. ಕದ್ದು ಸ್ಪೀಡೋಮೀಟರ್ ನೋಡಿದೆ: ನಲವತ್ತು ಮೈಲಿ. ಇಷ್ಟು ಗದ್ದಲಕ್ಕೆ ನಲವತ್ತೇ! ಮುನ್ನೂರು ಅಶ್ವಶಕ್ತಿಯ ಕಾರಿಗೆ ಇದು ತೂಕಡಿಸುವ ವೇಗ. ಇದಕ್ಕೆ ಇದೇ ಹಬ್ಬ, ಅದೂ ಕಾನೂನಿನೊಳಗೇ. ವಾರ್ಮ್ ಹ್ಯಾಚಿನ ಗುಟ್ಟು ಅಲ್ಲಿ ಮೊದಲ ಬಾರಿ ಸ್ವಲ್ಪ ಹೊಳೆಯಿತು. ವಾಪಸು ಬಂದವನೇ ಹೋಸ್ ಪೈಪು ಹಿಡಿದು, ಕತ್ತಲಲ್ಲಿ, ನಡುಗುತ್ತಾ, ತಳ ತೊಳೆದ.

*

ಮಾರ್ಚ್. ಎಂಒಟಿ ಪಾಸಾಗಿದೆ, ಒಂದೂ ಎಚ್ಚರಿಕೆಯಿಲ್ಲದೆ. ಹದಿನೇಳು ವರ್ಷದ ಸುಝುಕಿಗೆ ಇಂಥ ಫಲಿತಾಂಶ ಅಪರೂಪವೆಂದು ಪರೀಕ್ಷಿಸಿದವನೂ ಹೇಳಿದನಂತೆ. ಮೇಷ್ಟ್ರು ಈಗ ಚಿಂತೆಗೆ ಬಿದ್ದಿದ್ದಾನೆ. ಇಷ್ಟು ಚೊಕ್ಕ ಸ್ವಿಫ್ಟ್ ಸ್ಪೋರ್ಟು ಇನ್ನು ಎಲ್ಲೂ ಸಿಗುವುದಿಲ್ಲ, ಮುಂದಿನ ಚಳಿಗಾಲ ಇದನ್ನು ಉಪ್ಪಿಗೆ ಬಿಡುವುದು ಪಾಪ ಅನ್ನುತ್ತಾನೆ. ಯಾರದೋ ಹಳೆಯ ಫಿಯಟ್ ಪಾಂಡಾ 4x4 ಮಾರಾಟಕ್ಕಿದೆ, ಅಗ್ಗ, ಹಾಳಾದರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಶೆಡ್ಡಿನಲ್ಲಿ ಒಂದಕ್ಕೇ ಜಾಗ. ನಮ್ಮ ಮನೆ ಮುಂದಿನ ಜಾಗ ಅಕ್ಟೋಬರಿನಿಂದ ಖಾಲಿ ಇರುತ್ತದೆಯೇ ಎಂದು ಬೇಲಿಯ ಮೇಲಿಂದ ಕೇಳಿದ. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.