ಬೇವಾರಸು

ನಮ್ಮ ಶಿರಗುಪ್ಪಿ ಕಡೆ ಹುಡುಗರು ಜಗಳಕ್ಕೆ ಬಿದ್ದರೆ ಬಾಯಿಗೆ ಮೊದಲು ಬರುವ ಬೈಗುಳ ‘ಬೇವಾರ್ಸಿ’. ಅದು ಉರ್ದುವಿನ ಬೇ-ವಾರಿಸ್, ವಾರಸುದಾರನಿಲ್ಲದವ ಎಂದರ್ಥ ಎಂದು ನಾವು ಹೇಳಿದರೆ ಕನ್ನಡ ಶಾಲೆಯ ಗೆಳೆಯರು ನಂಬುತ್ತಿರಲಿಲ್ಲ. ನಮ್ಮದು ನಾಲ್ಕನೆಯ ಇಯತ್ತೆವರೆಗೆ ಉರ್ದು, ಮುಂದೆಲ್ಲ ಕನ್ನಡ.

ಆ ಕನ್ನಡ ಶಾಲೆಯಲ್ಲೇ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದು. ಡಾಲ್‌ಹೌಸಿ, 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ, ನಾಗಪುರ. ಡಾಲ್‌ಹೌಸಿ ಈ ದೇಶಕ್ಕೆ ಕಾಲಿಡುವ ಮೊದಲೇ ಈ ಆಟ ನಮ್ಮ ಹಿತ್ತಲಲ್ಲಿ ನಡೆದಿತ್ತೆಂದು ಯಾರೂ ಹೇಳಲಿಲ್ಲ. 1839ರಲ್ಲಿ ನಿಪ್ಪಾಣಿ ಜಹಗೀರು ಹೋಯಿತು, ಜೊತೆಗೆ ಅಥಣಿಯೂ. ದವಾಖಾನೆಗೆ, ದರ್ಗಾದ ಉರುಸಿಗೆ ನಾವು ಓಡುವ ಮಿರಜ್ ಸಂಸ್ಥಾನ 1820ರಲ್ಲಿ ಪಟವರ್ಧನರೊಳಗೆ ನಾಲ್ಕು ಪಾಲಾಗಿತ್ತು. ಗಂಡು ಸಂತಾನವಿಲ್ಲವೆಂದು 1842ರಲ್ಲೊಂದು, 1845ರಲ್ಲೊಂದು ಪಾಲು ಕುಂಪಣಿ ಸರಕಾರದ ಹೊಟ್ಟೆ ಸೇರಿತು. ಹಿರಿಯರು ಇದಕ್ಕೆ ‘ಖಾಲಸಾ ಆತು’ ಎನ್ನುತ್ತಿದ್ದರು.

ಎಲ್ಲಕ್ಕಿಂತ ಮೊದಲಿನದು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿರುವುದಾಗಿ ಪತ್ರ ಬರೆಸಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಪತ್ರದ ಸಹಿಯನ್ನೇ ನಂಬಲಿಲ್ಲ. ಬೊಕ್ಕಸಕ್ಕೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಆತನೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಅದೇ ದತ್ತುಹುಡುಗನ ಹಕ್ಕಿಗಾಗಿ ಕಾದಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಂದು ಸಹಿಯ ಮೇಲಿನ ಅನುಮಾನಕ್ಕೆ ಎಷ್ಟು ಜೀವ!

ಕಾನೂನು ಎಂದರೆ ಕಾನೂನೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅವರು ಆರ್ಕಾಟಿನ ಕಥೆ ನೋಡಬೇಕು. 1855ರಲ್ಲಿ ಅಲ್ಲಿನ ನವಾಬ ಗುಲಾಮ್ ಗೌಸ್ ಖಾನ್ ಮಕ್ಕಳಿಲ್ಲದೆ ತೀರಿಕೊಂಡ. ನಮ್ಮ ಶರೀಅತ್ತಿನಲ್ಲಿ ದತ್ತುಮಗ ವಾರಸುದಾರನಲ್ಲ, ಚಿಕ್ಕಪ್ಪನಿಗೆ ಹಕ್ಕುಂಟು. ಚಿಕ್ಕಪ್ಪ ಅಜೀಮ್ ಜಾಹ್ ಮುಂದೆ ಬಂದ. ಆಗಲೂ ಇಲ್ಲವೆಂದರು; ನವಾಬಗಿರಿಯೇ ಮುಗಿಯಿತು. ದತ್ತು ನಡೆಯುವ ಮನೆಯಲ್ಲಿ ದತ್ತು ಬೇಡ, ಚಿಕ್ಕಪ್ಪನಿಗೆ ಸಲ್ಲುವ ಮನೆಯಲ್ಲಿ ಚಿಕ್ಕಪ್ಪ ಬೇಡ. ಅವರಿಗೆ ಬೇಕಾದದ್ದು ವಾರಸುದಾರನಲ್ಲ, ವಾರಸುದಾರನಿಲ್ಲ ಎಂಬ ಮಾತು.

ಇದನ್ನೆಲ್ಲ ಕಥೆ ಮಾಡಲು ಕೂತಾಗ ಪೆನ್ನು ಮುಂದೆ ಸರಿಯಲಿಲ್ಲ. ಕಾರಣ ನಮ್ಮ ಮನೆಯಲ್ಲೇ ಇತ್ತು.

ನಮ್ಮ ಫೂಫಿಗೆ, ಅಂದರೆ ಸೋದರತ್ತೆಗೆ, ಮಕ್ಕಳಿರಲಿಲ್ಲ. ಗಂಡನೂ ಬೇಗ ಹೋದ. ತಾಯಿ ಸತ್ತ ಮೂರು ತಿಂಗಳ ಕೂಸೊಂದನ್ನು ಎತ್ತಿಕೊಂಡು ಬಂದು ಸಾಕಿದಳು. 2005ರ ಮಹಾಪೂರದಲ್ಲಿ ಕೃಷ್ಣೆ ಊರೊಳಗೆ ನುಗ್ಗಿದಾಗ ಅವಳನ್ನು ಬೆನ್ನ ಮೇಲೆ ಹೊತ್ತು ದಾಟಿಸಿದವನು ಅವನೇ. ನಾವು ಪೇಟೆಯ ಬಾಡಿಗೆ ಮನೆಗಳಲ್ಲಿದ್ದೆವು. ಮರುವರ್ಷ ಫೂಫಿ ಹೋದಳು. ಸಾಯುವ ಮುನ್ನ, “ಹೊಳೀ ದಂಡಿ ತುಂಡು ಇಂವಗಿರಲಿ” ಎಂದದ್ದನ್ನು ಓಣಿಯ ಇಬ್ಬರು ಮುದುಕಿಯರು ಕೇಳಿಸಿಕೊಂಡಿದ್ದರು.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ನಾವು ನಾಲ್ವರು ಅಣ್ಣತಮ್ಮಂದಿರು ಕೇಳಿದ್ದು, “ಕಾಗದ ಎಲ್ಲಿ?” ಸಾಕುಮಗನಿಗೆ ಪಾಲಿಲ್ಲವೆಂಬ ಶರೀಅತ್ತಿನ ಮಾತು ನಮಗೆಲ್ಲ ಚೆನ್ನಾಗಿ ನೆನಪಿತ್ತು. ಮೂರನೆಯ ಒಂದು ಪಾಲಿನವರೆಗೆ ವಾರಸುದಾರನಲ್ಲದವನಿಗೂ ವಸಿಯತ್ತು ಮಾಡಬಹುದು, ಅದು ಬಾಯಿಮಾತಿನಲ್ಲಿದ್ದರೂ ನಡೆಯುತ್ತದೆ ಎಂಬ ಅದೇ ಶರೀಅತ್ತಿನ ಮಾತು ಮಾತ್ರ ಯಾರಿಗೂ ನೆನಪಾಗಲಿಲ್ಲ. ಆಪಾ ಒಬ್ಬಳೇ ನೆನಪಿಸಿದಳು. “ನಿನಗ ಇದರಾಗೇನು?” ಎಂದು ಅವಳ ಬಾಯಿ ಮುಚ್ಚಿಸಿದೆವು. ವಾರಸಾ ಮಾಡಿಸಿದೆವು, ಉತಾರಿನಲ್ಲಿ ನಾಲ್ಕು ಹೆಸರು ಬಂದವು. ಆತ ಜಗಳ ಮಾಡಲಿಲ್ಲ. ಹೆಂಡತಿ, ಕೂಸನ್ನು ಕರೆದುಕೊಂಡು ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ.

1857ರ ದಂಗೆಯಾದ ಮೇಲೆ ಬ್ರಿಟಿಷರೇ ಆ ನೀತಿ ಕೈಬಿಟ್ಟರು. ಮೈಸೂರಿನ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯವೇ ಮರಳಿತು. ದತ್ತಿಗೆ ಅಪ್ಪಣೆ ಸಿಗದೆ ಬಂಡೆದ್ದ ನರಗುಂದದ ಭಾಸ್ಕರರಾವ್ ಅಷ್ಟು ದಿನ ಉಳಿಯಲಿಲ್ಲ. 1858ರ ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದ್ದರು.

ನಮಗೆ ಬುದ್ಧಿ ಬರಲು ದಂಗೆಯೇನೂ ಬೇಕಾಗಲಿಲ್ಲ, ಒಂದು ಲಗ್ನಪತ್ರಿಕೆ ಸಾಕಾಯಿತು. ಆತನ ಮಗಳ ಮದುವೆ. ಉರ್ದು ಪತ್ರಿಕೆಗಳ ಕೊನೆಯಲ್ಲಿ ‘ಚಶ್ಮ್-ಬರಾಹ್’ ಎಂದು, ಅಂದರೆ ದಾರಿಯ ಮೇಲೆ ಕಣ್ಣಿಟ್ಟು ಕಾಯುವವರೆಂದು, ಮನೆಯ ಹಿರಿಯರ ಹೆಸರು ಹಾಕುವುದುಂಟು. ಅಲ್ಲಿ ನಮ್ಮ ನಾಲ್ವರ ಹೆಸರಿದ್ದವು. ಉತಾರಿನಲ್ಲಿದ್ದ ಕ್ರಮದಲ್ಲೇ.

ಹೋದ ತಿಂಗಳು ನಾಲ್ವರೂ ಸೇರಿ, ಹೊಳೆದಂಡೆಯ ತುಂಡನ್ನು ಆತನ ಹೆಸರಿಗೆ ಬಕ್ಷೀಸು ಬರೆದುಕೊಡಲು ಬಾಂಡ್ ರೈಟರ್ ಹತ್ತಿರ ಕೂತೆವು. ಆತ ಹೆಸರು, ವಯಸ್ಸು, ಉದ್ಯೋಗವನ್ನೆಲ್ಲ ಬರೆದುಕೊಂಡು ತಲೆಯೆತ್ತಿ ಕೇಳಿದ:

“ಇವ್ರು ನಿಮಗ ಏನಾಗಬೇಕ್ರೀ?”

ದೊಡ್ಡಣ್ಣ ಚಷ್ಮಾ ತೆಗೆದು ಒರೆಸತೊಡಗಿದರು. ನಾವು ಅವರ ಮುಖ ನೋಡಿದೆವು.